ಕುಂಟೆತ್ತು ಮತ್ತು ಶೇಂಗಾ ಡಬ್ಬಿ

ನಮ್ಮ ಕಡೆಯ ಎರೆಮಣ್ಣಿನ ಸ್ವಭಾವ ನಿಮಗೆ ಗೊತ್ತಿರಬಹುದು. ಬೇಸಿಗೆಯಲ್ಲಿ ಅದು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಕಾಲು ಇಳಿಯುವಷ್ಟು ಅಗಲದ ಬಿರುಕು ಬಿಟ್ಟುಕೊಂಡು, ಸಿಟ್ಟಾದವರಂತೆ ಬಿದ್ದಿರುತ್ತದೆ. ಒಂದು ಹದ ಮಳೆ ಬಿತ್ತೋ, ಅದರ ಪ್ರೀತಿಯನ್ನು ತಡೆದುಕೊಳ್ಳುವುದು ಕಷ್ಟ. ಚಪ್ಪಲಿ ಹಿಡಿದುಕೊಂಡರೆ ಮನೆಯ ಹೊಸ್ತಿಲವರೆಗೂ ಬಿಡುವುದಿಲ್ಲ. ಕಳೆದ ವಾರ ಗೆಳತಿಯೊಬ್ಬಳ ಹೊಲ ನೋಡಲು ಹೋಗಿದ್ದ ನಾನು, ಹೋಗುವಾಗ ಇದ್ದದ್ದಕ್ಕಿಂತ ಗೇಣು ಎತ್ತರವಾಗಿ ಮನೆಗೆ ಬಂದೆ. ಹೊರಗಟ್ಟೆಯ ಮೇಲೆ ಕುಳಿತು ಕಡ್ಡಿಯಿಂದ ಚಪ್ಪಲಿಯ ಮಣ್ಣು ಕೆರೆಯುತ್ತಿರುವಾಗ ನಮ್ಮವರು ಬಾಗಿಲಲ್ಲಿ ನಿಂತು, "ಏನ್ ಮಾಡಾಕತ್ತೀ ಅದು?" ಎಂದರು. ನೋಡಿಕೊಂಡೆ. ಬಲಗೈ ಮಣ್ಣು ಕೆರೆಯುತ್ತಿತ್ತು. ಎಡಗೈ ನನ್ನನ್ನು ಕೇಳದೆ ಆ ಮಣ್ಣನ್ನು ಒತ್ತಿ, ಹೊಸೆದು, ಎರಡು ಕೊಂಬು ಮತ್ತು ಒಂದು ಡುಬ್ಬ ಮಾಡಿ ಮುಗಿಸಿತ್ತು.

"ಏನಿಲ್ರಿ, ಅದ ತಾನ ಆತು," ಎಂದೆ.

"ಈ ಮನ್ಯಾಗ ಎಲ್ಲಾ ತಾನ ಆಗ್ತೈತಿ. ಚಹಾ ಒಂದ ತಾನ ಆಗವೊಲ್ದು," ಎಂದು ಅವರು ಒಳಗೆ ಹೋದರು.

ಆ ಅರೆಬರೆ ಎತ್ತನ್ನು ಕೈಯಲ್ಲಿ ಹಿಡಿದು ಕುಳಿತಾಗ ನೆನಪಾದದ್ದನ್ನು ಬರೆಯುತ್ತಿದ್ದೇನೆ. ಮುಂಚೆ ಒಂದು ಮಾತು ಹೇಳಿಬಿಡಬೇಕು: ನನಗೆ ನನ್ನ ನೆನಪಿನ ಮೇಲೆ ಅಷ್ಟು ನಂಬಿಕೆ ಇಲ್ಲ. ಧಾರವಾಡದಲ್ಲಿ ಬಿ.ಎ. ಓದುವಾಗ ನಮ್ಮ ಇತಿಹಾಸದ ಪ್ರಾಧ್ಯಾಪಕರು, ಯಾರಾದರೂ ನನಗೆ ಚೆನ್ನಾಗಿ ನೆನಪಿದೆ ಎಂದು ಮಾತು ಶುರು ಮಾಡಿದರೆ ಅಲ್ಲಿಂದಲೇ ಸಂಶಯಪಡಿ ಎಂದು ಕಲಿಸಿದ್ದರು. ಆಗಿನಿಂದ ಡೈರಿ ಬರೆಯುವ ಚಟ ಹತ್ತಿಸಿಕೊಂಡೆ. ಆದರೆ ಡೈರಿಯದು ಬೇರೆ ತರಹದ ತೊಂದರೆ. ಅದು ಸುಳ್ಳು ಹೇಳುವುದಿಲ್ಲ, ಬೇಕಾದದ್ದನ್ನೂ ಹೇಳುವುದಿಲ್ಲ. ನಾನು ಮೊದಲ ಕತೆ ಬರೆದ ದಿನವನ್ನು ತೆಗೆದು ನೋಡಿದರೆ, 'ಮೋಡ. ತೊಗರಿಬೇಳೆ ತೀರಿತು. ಇವರಿಗೆ ನೆಗಡಿ' ಎಂದಿದೆ. ನೆನಪನ್ನು ಕೇಳಿದರೆ ಅದು ಕಿಟಕಿಯಿಂದ ಬಿದ್ದ ಬಿಸಿಲನ್ನೂ ಕಾಗದದ ಮೇಲೆ ಓಡಾಡಿದ ಇರುವೆಯನ್ನೂ ಎದುರಿಗೆ ತಂದು ನಿಲ್ಲಿಸುತ್ತದೆ. ಮೋಡವಿದ್ದ ದಿನ ಬಿಸಿಲು ಎಲ್ಲಿಂದ ಬಂತು? ಹೀಗಾಗಿ ಇಬ್ಬರನ್ನೂ ಎದುರುಬದುರು ಕೂಡಿಸಿಕೊಂಡು, ಜಗಳ ಬಿಡಿಸುತ್ತ ಬರೆಯುತ್ತೇನೆ. ನೀವೂ ಸ್ವಲ್ಪ ಸಂಭಾಳಿಸಿಕೊಂಡು ಓದಿ.

ನಾನು ಹುಟ್ಟಿದ್ದು ಇಂಡಿ ತಾಲೂಕಿನಲ್ಲಿ, ಲಚ್ಯಾಣಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನಮ್ಮೂರಿನ ಮಕ್ಕಳೆಲ್ಲ ಮೊಣಕೈತನಕ ಕಪ್ಪಗಾಗುತ್ತಿದ್ದರು. ಎರೆಮಣ್ಣು ತಂದು, ಕಲಸಿ, ಜೋಡಿ ಜೋಡಿ ಎತ್ತು ಮಾಡಿ, ಕಣ್ಣಿಗೆ ಗುಲಗಂಜಿ ಒತ್ತಿ, ಮುಂದೆ ಮಣ್ಣಿನದೇ ಗೋದಲಿ ಇಟ್ಟು ದೇವರ ಜಗಲಿಯ ಮೇಲೆ ಪೂಜೆಗೆ ನಿಲ್ಲಿಸುತ್ತಿದ್ದೆವು. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ಕಟ್ಟೆ. ಹಿರಿಯರಿಗೆ ಹಬ್ಬ ಅಲ್ಲಿಗೆ ಮುಗಿಯಿತು. ನಮ್ಮ ಹಬ್ಬ ಮರುದಿನ. ಅಂದು ಒಂದು ಎತ್ತನ್ನು ಆರಿಸಿ, ಅದರ ಒಂದು ಕಾಲು ಮುರಿದು, ಮಣೆಯ ಮೇಲೆ ಕೂಡಿಸಿಕೊಂಡು, ಕುಂಟೆತ್ತು ಬಂದೈತಿ, ಜೋಳ ನೀಡಿ ಎಂದು ಹಾಡುತ್ತ ಮನೆಮನೆಗೆ ಹೋಗುವುದು. ಕಾಲು ನೆಟ್ಟಗಿದ್ದ ಎತ್ತಿಗೆ ಯಾರೂ ಹಿಡಿ ಜೋಳವನ್ನೂ ನೀಡುವುದಿಲ್ಲ. ಕೂಡಿದ ಜೋಳವನ್ನು ಅಂಗಡಿಯಲ್ಲಿ ಕೊಟ್ಟು ಬೆಲ್ಲ, ಪುಠಾಣಿ, ಖಾರೀಕು ಎನ್ನುವ ಒಣಖರ್ಜೂರ ತಗೊಂಡು, ಊರ ಹೊರಗಿನ ಬೇವಿನ ಗಿಡದ ಕೆಳಗೆ ಕುಳಿತು ತಿನ್ನುತ್ತಿದ್ದೆವು.

ಕಾಲು ಮುರಿಯುವುದು ದೊಡ್ಡ ಮಾನದ ಕೆಲಸ. ನಮ್ಮಣ್ಣ ಅದನ್ನು ಮುಳ್ಳು ತೆಗೆಯುವ ನಾಜೂಕಿನಿಂದ ಮಾಡುತ್ತಿದ್ದ. ಹುಡುಗಿಯಾದ ನನ್ನನ್ನು ಗುಂಪಿಗೆ ಸೇರಿಸಿಕೊಂಡಿದ್ದಕ್ಕೆ ಕಾರಣ, ಎತ್ತಿನ ದುಃಖ ಹೇಳುವಾಗ ನನಗೆ ನಿಜವಾದ ಅಳು ಬರುತ್ತಿತ್ತಂತೆ. ನಾನು ಅತ್ತ ಮನೆಗಳಲ್ಲಿ ಬೊಗಸೆ ಜೋಳ ಹೆಚ್ಚಿಗೆ ಬೀಳುತ್ತಿತ್ತು ಎಂದು ಅಣ್ಣ ಈಗಲೂ ಹೇಳುತ್ತಾನೆ. ಅವನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ.

ಇದೆಲ್ಲ ಬರೆಯುವ ವಸ್ತು ಎಂದು ನನಗೆ ಬಹಳ ವರ್ಷ ಹೊಳೆಯಲಿಲ್ಲ. ಬಿ.ಎ. ಓದಿದ್ದೆನಲ್ಲ, ಹೇಗೆ ಹೊಳೆದೀತು?

ನಮ್ಮವರು ಸರ್ವೇ ಇಲಾಖೆಯಲ್ಲಿ ಮೋಜಣಿದಾರರು. ಹೊಲಗಳ ಗಡಿ ಅಳೆಯುವ ಕೆಲಸ. ಅವರು ಒಂದು ತಾಲೂಕು ಅಳೆದು ಬೇಸತ್ತರು ಎನ್ನುವಷ್ಟರಲ್ಲಿ ಇನ್ನೊಂದಕ್ಕೆ ವರ್ಗವಾಗುತ್ತಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ನನ್ನ ಎಪ್ಪತ್ತರ ದಶಕ ಎಂದರೆ ಈ ನಾಲ್ಕು ಊರುಗಳ ಬಾಡಿಗೆಮನೆಗಳು. ಇಂದಲ್ಲ ನಾಳೆ ಹೋಗುವವಳಿಗೆ ಯಾರು ನೌಕರಿ ಕೊಡುತ್ತಾರೆ? ಲಾರಿಯಲ್ಲಿ ಜಾಗ ಕೇಳದೆ ಸಂಗಡ ಬರುವ ಕೆಲಸ ಎಂದರೆ ಬರೆಯುವುದು ಒಂದೇ ಎಂದು ನಾನು ತೀರ್ಮಾನಿಸಿದ್ದೆ. ಆದರೆ ಮಕ್ಕಳಿಗಾಗಿಯೇ ಬರೆಯಲು ಶುರು ಮಾಡಿದ್ದು ಯಾವ ಆದರ್ಶದಿಂದಲೂ ಅಲ್ಲ, ನಿದ್ದೆಗೆಟ್ಟು. ಇಂಡಿಯಲ್ಲಿ ನಮ್ಮ ಮನೆಯ ಮುಂದಿನ ಬಯಲಲ್ಲಿ ಓಣಿಯ ಹುಡುಗರೆಲ್ಲ ಮಧ್ಯಾಹ್ನ ಚಿಣಿಕೋಲು ಆಡುತ್ತಿದ್ದರು. ಗದರಿಸಿ ನೋಡಿದೆ, ಕೈಮುಗಿದು ನೋಡಿದೆ. ಕೊನೆಗೆ ಒಳಗೆ ಕರೆದು, ಹುರಿದ ಶೇಂಗಾದ ಡಬ್ಬಿ ನಡುವೆ ಇಟ್ಟು, ಕತೆ ಹೇಳುತ್ತೇನೆ ಎಂದೆ. ಬಯಲು ಶಾಂತವಾಯಿತು. ನಾನು ಲೇಖಕಿಯಾದೆ.

ಮೊದಲ ಕತೆಯ ನಾಯಕ ಒಬ್ಬ ಸಿಂಹ. ದಟ್ಟವಾದ ಅಡವಿಯಲ್ಲಿ ಅವನ ವಾಸ.

"ಅಡವಿ ಅಂದ್ರ ಎಂಥಾದ್ರಿ ಅಕ್ಕಾರ?" ಎಂದು ಮುಂದೆ ಕುಳಿತವನೊಬ್ಬ ಕೇಳಿದ.

"ಎಲ್ಲಾ ಕಡೆ ಗಿಡಾನ ಗಿಡ. ಬಿಸಲ ಸುದ್ದಾ ತಳಗ ಬೀಳೂದಿಲ್ಲ."

ಅವನು ಜಗಿಯುತ್ತ ವಿಚಾರ ಮಾಡಿದ. "ಮತ್ತ ಅಲ್ಲಿ ಮಂದಿ ಜ್ವಾಳಾ ಎಲ್ಲಿ ಬಿತ್ತತಾರ್ರಿ?"

ಅಡವಿಯನ್ನು ನಾನೂ ನೋಡಿದವಳಲ್ಲ. ಜಾಲಿಗಿಡಗಳ ನೆರಳಲ್ಲಿ ಬೆಳೆದ ನನಗೆ ಅದು ಪಠ್ಯಪುಸ್ತಕದಿಂದ ಬಂದ ಅಡವಿ. ಆದರೂ ಮಕ್ಕಳು ದಿನಾ ಬಂದರು, ಕೊನೆತನಕ ಕುಳಿತರು. ನಾನು ಹಿಗ್ಗಿ ಹೀರೇಕಾಯಿಯಾದೆ. ಸಂಜೆ ನಮ್ಮವರಿಗೆ ಹೇಳಿದೆ: "ಹುಡುಗ್ರು ಎಷ್ಟ ಛಲೋ ಕೇಳ್ತಾವ ಗೊತ್ತೇನ್ರಿ?"

"ಕೇಳೂದಿಲ್ಲ, ತಿಂತಾವ," ಎಂದರು ಅವರು. "ಆ ಡಬ್ಬಿ ಮುಂದ ಇಟ್ರ ನಾ ನಮ್ಮ ಆಫೀಸಿನ ಮೋಜಣಿ ವರದಿ ಓದಿದ್ರೂ ಕೇಳ್ತಾವ."

"ಹಂಗಾರ ಓದ್ರಿ, ನೋಡೂಣು."

ಸುಮ್ಮನೆ ಆಡಿದ ಮಾತು. ಆದರೆ ಅವರು ಅಳತೆಯ ಮನುಷ್ಯ, ಅಳೆದು ನೋಡದೆ ಬಿಡುವವರಲ್ಲ. ಭಾನುವಾರ ಮಧ್ಯಾಹ್ನ ಡಬ್ಬಿಯನ್ನು ತಾವೇ ತಂದಿಟ್ಟು, ಮೂಗಿನ ಮೇಲೆ ಚಾಳೀಸು ಏರಿಸಿ ಓದಿದರು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಇಂಥವರ ಹೊಲ, ಉತ್ತರದ ಗಡಿಯಲ್ಲಿದ್ದ ಬಾಂದಗಲ್ಲು ಸ್ಥಳದಲ್ಲಿ ಕಂಡುಬರಲಿಲ್ಲ... ಮಕ್ಕಳು ಜಗಿಯುತ್ತ ಕೇಳಿದವು. ವರದಿ ಮುಗಿಯಿತು. ನಾನು ಬಾಗಿಲ ಮರೆಯಲ್ಲಿ ನಿಂತು, ಈಗ ಎದ್ದು ಓಡುತ್ತವೆ ಎಂದು ಕಾಯುತ್ತಿದ್ದೆ. ಮುಂದಿನ ಸಾಲಿನ ಅದೇ ಹುಡುಗ ಕೇಳಿದ:

"ಮುಂದ್ರಿ?"

"ಮುಂದೇನಿಲ್ಲೋ. ಮುಗೀತು."

"ಮುಗೀತಂದ್ರ ಹ್ಯಾಂಗ್ರಿ? ಆ ಕಲ್ಲ ಯಾಂವ ಕದ್ದ?"

ನಮ್ಮವರು ನಗಲಿಲ್ಲ. ನಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನನ್ನ ಸಿಂಹದ ಬಗ್ಗೆ ಇಷ್ಟು ಕಳಕಳಿಯಿಂದ ಯಾವ ಮಗುವೂ ಏನನ್ನೂ ಕೇಳಿರಲಿಲ್ಲ. ಮರುದಿನ ಶೇಂಗಾ ಇಡದೆ ಕತೆಗೆ ಕರೆದೆ. ಬಯಲಲ್ಲಿ ಚಿಣಿಕೋಲಿನ ಸದ್ದು ಕೇಳುತ್ತಲೇ ಇತ್ತು. ಒಬ್ಬಳು ಮಾತ್ರ ಬಂದು, ಹೊಸ್ತಿಲಾಚೆಯೇ ನಿಂತು, "ತೀರ್ಯಾವೇನ್ರಿ?" ಎಂದಳು. ಹೌದು ಎಂದೆ. "ಮತ್ತ ಯಾವತ್ತ ತರ್ತೀರಿ?" ಎಂದು ಕೇಳಿಕೊಂಡು ಹೋದಳು.

ಇದು ಈಗ ನಗುತ್ತ ಹೇಳುವ ಮಾತಾಗಿದೆ. ಆಗ ಆಗಿರಲಿಲ್ಲ. ನಮ್ಮ ಭಾವನವರು ಪ್ರತಿ ಸಲ ಬಂದಾಗಲೂ, "ತಂಗಿ, ಹೊಲಿಗಿ ಮಷಿನ್ ಕೊಡಸ್ತೇನಿ. ಯಾವೂರಿಗೆ ಹೋದ್ರೂ ಮಂದಿಗೆ ಜಂಪರ್ ಬೇಕಾಗೇ ಆಗ್ತಾವ. ಕತಿ ಯಾರಿಗೆ ಬೇಕು?" ಎನ್ನುತ್ತಿದ್ದರು. ಆ ವಾರ ನಾನು ನನ್ನೊಳಗೇ ಒಂದು ಕರಾರು ಮಾಡಿಕೊಂಡೆ. ನನ್ನ ಮುಖ ನೋಡದ, ನನ್ನ ಮನೆಯ ಕಾಳು ತಿನ್ನದ ಒಂದು ಮಗು, ಒಂದೇ ಒಂದು, ನಾನು ಬರೆದದ್ದನ್ನು ತನ್ನದೆಂದು ಓದಬೇಕು. ಹಾಗಾದರೆ ಬರೆಯುತ್ತೇನೆ. ಇಲ್ಲವೆಂದರೆ ಜಂಪರು ಹೊಲಿಯುತ್ತೇನೆ. ಡೈರಿಯಲ್ಲಿ ಈ ಕರಾರಿನ ಸುದ್ದಿ ಇಲ್ಲ. 'ಶೇಂಗಾ ತುಟ್ಟಿ' ಎಂದಿದೆ.

ಸಿಂದಗಿಗೆ ವರ್ಗವಾಯಿತು. ಅಲ್ಲಿಯ ಮನೆಯೊಡತಿ ನನ್ನನ್ನು ಮೊದಲ ದಿನವೇ ತೂಗಿ ನೋಡಿ, "ಏನ್ ಬರಕೋತ ಕೂಡ್ತೀರಿ?" ಎಂದು ಕೇಳಿದರು. ಮಕ್ಕಳ ಪುಸ್ತಕ ಎಂದೆ. "ಮೊದಲ ಒಂದ ಕೂಸ ಹಡೀರೆವ್ವಾ, ಪುಸ್ತಕ ಆಮ್ಯಾಲ," ಎಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಸಂಜೆ ಒಂದು ಬುಟ್ಟಿ ಬದನೆಕಾಯಿ ಕಳಿಸಿದರು. ಬುಟ್ಟಿ ಹೊತ್ತು ಬಂದವಳು ಅವರ ಮಗಳು ಬೋರವ್ವ. ನಾಲ್ಕನೆಯ ಇಯತ್ತೆ, ಎಣ್ಣೆ ಸುರಿಯುವ ಬಿಗಿ ಜಡೆ, ನಾಲಗೆ ಚಾಕು. ಅವಳ ಹಿಂದೆ ಯಾವಾಗಲೂ ಅವಳ ಕಾಕಾನ ಮಗ ಶಿವಶರಣ. ಎಲ್ಲರೂ ಶಿವ್ಯಾ ಎನ್ನುತ್ತಿದ್ದರು. ಅವನು ಮಾತಾಡುವುದು ಕಡಿಮೆ. ಬೋರವ್ವ ಇರುವಲ್ಲಿ ಯಾರಿಗಾದರೂ ಅದೇ ಗತಿ.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಇವರಿಬ್ಬರೂ ಗುಂಪು ಕಟ್ಟಿಕೊಂಡು ನಮ್ಮ ಬಾಗಿಲಿಗೂ ಬಂದರು. ಮಣೆಯ ಮೇಲೆ ಕುಂಟೆತ್ತು. ನಾನು ಜೋಳ ನೀಡುತ್ತ ನೀಡುತ್ತ ಕೈ ನಿಲ್ಲಿಸಿಬಿಟ್ಟೆ. ಸಿಂಹವನ್ನು ಹುಡುಕಿಕೊಂಡು ಕಾಣದ ಅಡವಿಗೆ ಹೋದವಳ ಮನೆಬಾಗಿಲಿಗೆ ಎತ್ತು ತಾನಾಗಿ ಬಂದು ನಿಂತಿತ್ತು.

"ನೀಡ್ರಿ ಅಕ್ಕಾರ, ಇನ್ನೂ ಭಾಳ ಮನಿ ಅದಾವ," ಎಂದಳು ಬೋರವ್ವ.

ಅಂದೇ ಬರೆಯಲು ಕುಳಿತೆ. ಒಂದು ಕುಂಟೆತ್ತು ಓಣಿ ಓಣಿ ಅಲೆಯುತ್ತದೆ; ಒಂದೊಂದು ಮನೆಯಲ್ಲಿ ಒಂದೊಂದು ನೋಡುತ್ತದೆ: ಒಂದು ಕಡೆ ಅತ್ತೆ ಸೊಸೆಯರ ಮುನಿಸು, ಇನ್ನೊಂದು ಕಡೆ ಹಪ್ಪಳ ಕದ್ದ ಅಜ್ಜ. ಬರವಣಿಗೆ ಬಂಡಿ ಇಳಿಜಾರಿನಲ್ಲಿ ಹೋದಂತೆ ಹೋಯಿತು. ಕೊನೆಗೆ ಬಂದಾಗ ಧಾರವಾಡ ಅಡ್ಡ ಬಂತು. ಮಕ್ಕಳ ಮನಸ್ಸು ಕೋಮಲ, ಕತೆ ಸುಖವಾಗಿ ಮುಗಿಯಬೇಕು ಎಂದು ಎಲ್ಲಿಯೋ ಓದಿದ್ದೆ. ಆದ್ದರಿಂದ ಊರ ಹೊರಗೆ ಒಬ್ಬ ದಯಾವಂತ ಮುದುಕನನ್ನು ಕೂಡಿಸಿದೆ. ಅವನು ಹಸಿಮಣ್ಣು ಹಚ್ಚಿ ಎತ್ತಿನ ಕಾಲು ಸರಿಮಾಡಿದ. ಎತ್ತು ಕುಣಿಯುತ್ತ ಮನೆಗೆ ಹೋಗಿ ಗೋದಲಿಯ ಮುಂದೆ ನಿಂತಿತು. ಬರೆದು ಮುಗಿಸಿದಾಗ ನನ್ನ ಕಣ್ಣಲ್ಲೇ ನೀರು.

ಮರುದಿನ ಓಣಿಯ ಮಕ್ಕಳನ್ನು ಕೂಡಿಸಿ ಓದಿದೆ. ಹೌದು, ಡಬ್ಬಿ ಇತ್ತು. ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಅಜ್ಜನ ಹಪ್ಪಳಕ್ಕೆ ಬಿದ್ದು ಬಿದ್ದು ನಕ್ಕರು. ಮುದುಕ ಕಾಲು ಹಚ್ಚಿದ. ಜಗಿಯುವ ಸದ್ದು ನಿಂತಿತು. ನಾನು ತಲೆ ಎತ್ತಿದೆ. ಮಕ್ಕಳು ನನ್ನನ್ನು ನೋಡುತ್ತಿದ್ದ ರೀತಿಗೆ, ಏನೋ ಕದ್ದು ಸಿಕ್ಕಿಬಿದ್ದವಳಂತೆ ಆಯಿತು.

"ಹಂಗಾರ ಜ್ವಾಳಾ?" ಎಂದಳು ಬೋರವ್ವ.

"ಏನ್ ಜ್ವಾಳಾ?"

"ಕಾಲ ನೆಟ್ಟಗಾದ್ರ ಜ್ವಾಳಾ ಯಾರ ನೀಡ್ತಾರ್ರಿ? ಆ ಮುದುಕಗ ಅಷ್ಟೂ ತಿಳಿಯೂದಿಲ್ಲೇನು? ನಮ್ಮ ಬೆಲ್ಲಾ ಹ್ವಾದ್ವು, ಖಾರೀಕ ಹ್ವಾದ್ವು."

"ಆದ್ರ ಎತ್ತಿಗೆ ಛಲೋ ಆತಲ್ಲ, ಬೋರವ್ವಾ. ಪಾಪ, ಅದಕ್ಕ ಕಾಲ ಬಂತು."

ಆಗ ಶಿವ್ಯಾ ಬಾಯಿ ಬಿಟ್ಟ. ಅವನು ಮಾತಾಡಿದ್ದನ್ನು ಕಂಡು ಬೋರವ್ವನೂ ಸುಮ್ಮನಾದಳು. "ಎಲ್ಲಿ ಛಲೋ ಆತ್ರಿ? ನೆಟ್ಟಗಿದ್ದ ಎತ್ತ ಜಗಲಿ ಮ್ಯಾಲ ನಿಂದರತಾವ. ಗೋದಲಿ ಬಿಟ್ಟ ಏನೂ ನೋಡೂದಿಲ್ಲ. ಕುಂಟೆತ್ತ ಅಷ್ಟ ಊರ ತಿರಗತೈತಿ."

ಅಷ್ಟು ಹೇಳಿ ಅವನು ಡಬ್ಬಿಗೆ ಕೈ ಹಾಕಿದ. ನಾನು ಆ ಮುದುಕನನ್ನು, ಹಸಿಮಣ್ಣನ್ನು, ಕಣ್ಣೀರನ್ನು, ಒಂದೂವರೆ ಪುಟದ ದಯೆಯನ್ನು ಅವರೆದುರಿಗೇ ಹರಿದು ಹಾಕಿದೆ. ಹಾಗೆ ನನ್ನ ನೆನಪು. ಹರಿಯಲಿಲ್ಲ, ಗೀಟು ಹಾಕಿದೆ ಎಂದು ಡೈರಿ ಹೇಳುತ್ತದೆ. ಇರಲಿ. ಹೊಸ ಕೊನೆಯಲ್ಲಿ ಎತ್ತು ಕುಂಟುತ್ತ ಊರ ಅಗಸಿಬಾಗಿಲು ದಾಟಿ ಮುಂದಿನ ಊರಿಗೆ ಹೊರಟಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಸಿಂದಗಿಗೆ ಬಂದರು. ಶಾಲೆಗಳಿಗೆ ಇನಾಮಿನ ಪುಸ್ತಕ ಮಾರಲು ಎರಡು ಚೀಲ ಹೊತ್ತು ಬಸ್ಸಿನಲ್ಲಿ ಊರೂರು ತಿರುಗುವ ವಯಸ್ಸಾದ ಮನುಷ್ಯ. ಯಾರೋ ನನ್ನ ಹೆಸರು ಹೇಳಿದ್ದರು. ಬಂದರು, ಜಮಖಾನದ ಮೇಲೆ ಕುಳಿತು ಪೂರ್ತಿ ಓದಿದರು. ನಾನು ಒಳಗೆ ಹೋಗಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದೆ.

"ತಾಯಿ, ಕತಿ ಬೇಶ್ ಐತಿ," ಎಂದರು. "ಅಚ್ಚ ಹಾಕ್ತೇನಿ. ಕಡೀಕ ಒಂದ ಚೂರ ನೆಟ್ಟಗ ಮಾಡಿಬಿಡ್ರಿ."

"ಏನ ನೆಟ್ಟಗ ಮಾಡ್ಲಿರಿ?"

"ಕಾಲು. ಇನಾಮಿಗೆ ಪುಸ್ತಕಾ ಆರಿಸಾವ್ರು ಕಡೀ ಪುಟಾ ಅಷ್ಟ ಓದ್ತಾರ. ಅಲ್ಲಿ ಎತ್ತ ಕುಂಟಕೋತ ಹೋದ್ರ ಹುಡುಗ್ರಿಗೆ ಏನ್ ಬುದ್ಧಿ ಹೇಳಿದಂಗಾತು? ಯಾರರೆ ಒಬ್ಬ ಪುಣ್ಯಾತ್ಮ ಬಂದು ಕಾಲ ಹಚ್ಚಲಿ."

ನಿಮ್ಮಿಂದ ಮುಚ್ಚಿಡುವುದೇನು, ಆ ಮುದುಕನನ್ನು ಮತ್ತೆ ಕರೆಸುವ ವಿಚಾರ ನನ್ನ ತಲೆಯಲ್ಲಿ ಹಾದುಹೋಯಿತು. ಅಚ್ಚಾಗುವ ಪುಸ್ತಕ, ಹೊರಗಿನ ಮಕ್ಕಳ ಕೈ, ನನ್ನ ಕರಾರು, ಎಲ್ಲವೂ ಒಂದು ಮಣ್ಣಿನ ಕಾಲಿನ ಆಚೆಗೆ ನಿಂತಿದ್ದವು. ಪೆನ್ನಿನ ಟೋಪಿ ತೆಗೆದೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಬೋರವ್ವ ಒಳಗೆ ಬಂದಳು.

"ಅಜ್ಜಾರ, ನಿಮ್ಮೂರ ಯಾವುದ್ರಿ?"

"ಹುಬ್ಬಳ್ಳಿ, ಮಗಳ."

"ಹುಟ್ಟಿದ್ದರಿ?"

"ಹುಟ್ಟಿದ್ದು ಈ ಕಡೇನ. ಮನಗೂಳಿ ಬಾಜೂಕ."

"ಅಲ್ಲಿ ಮಣ್ಣೆತ್ತ ಮಾಡಾಂಗಿಲ್ರೇನು?"

"ಯಾಕ ಮಾಡಾಂಗಿಲ್ಲ? ನಿಮಗಿಂತ ಛಲೋ ಮಾಡ್ತಿದ್ವಿ."

"ಮತ್ತ ಕಾಲ ಮುರೀತಿದ್ರೋ ಇಲ್ಲೋ?"

ಪ್ರಕಾಶಕರು ಬಸಿಯಲ್ಲಿದ್ದ ಚಹಾ ಕೆಳಗಿಟ್ಟರು. ಅವರ ಮುಖದ ಮೇಲೆ ವ್ಯಾಪಾರ ಸರಿದು ಬೇರೆ ಏನೋ ಬಂತು. "ನಮ್ಮ ಗುಂಪಿನ್ಯಾಗ ಮುರಿಯಾಂವ ನಾನ," ಎಂದರು. "ಬ್ಯಾರೆಯವರ ಕೈಯಾಗ ಕೊಟ್ರ ಡುಬ್ಬಾನ ಮುರೀತಿದ್ರು, ಕತ್ತೀ ಮಕ್ಳು."

"ಆಮ್ಯಾಲ ತಿರುಗಿ ಹಚ್ಚತಿದ್ರೇನು?"

"ಹಚ್ಚಾಕ ನಮಗ ಹುಚ್ಚ ಹಿಡದಿತ್ತೇನ? ಹಚ್ಚಿದ್ರ ಜ್ವಾಳಾ ಯಾರ..." ಎಂದವರು ಅಲ್ಲಿಯೇ ನಿಂತರು. ಬೋರವ್ವನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊಟ್ಟೆ ಕುಲುಕಿಸಿ ನಗಲು ಹತ್ತಿದರು. ಚಾಳೀಸು ತೆಗೆದು ಧೋತರದ ಅಂಚಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಕುಂಟಲಿ ಬಿಡ್ರಿ ತಾಯಿ, ಕುಂಟಲಿ. ಇನಾಮಿನವರ ಕಡೆ ನಾ ಮಾತಾಡ್ತೇನಿ," ಎಂದರು. ಹೊರಡುವಾಗ ಬೋರವ್ವನ ತಲೆ ಮೇಲೆ ಕೈಯಿಟ್ಟು, "ಈಕೀನ್ನ ವಕೀಲಕಿ ಓದಸ್ರಿ," ಎಂದು ಮನೆಯೊಡತಿಗೆ ಹೇಳಿ ಹೋದರು.

ಪುಸ್ತಕ ಕೈಗೆ ಬರುವ ಹೊತ್ತಿಗೆ ನಾವು ಮುದ್ದೇಬಿಹಾಳದಲ್ಲಿದ್ದೆವು. ಟಪಾಲಿನವನು ಗಂಟು ತಂದುಕೊಟ್ಟ. ಸುತ್ತಿದ ದಾರ ಬಿಚ್ಚುವಷ್ಟು ತಾಳ್ಮೆ ಇರಲಿಲ್ಲ, ಈಳಿಗೆಯಿಂದ ಕೊಯ್ದೆ. ಒಳಗೆ ನನ್ನ ಹೆಸರು, ಹೆಸರಿನ ಮೇಲೆ ಚಿತ್ರ. ಹುಬ್ಬಳ್ಳಿಯಲ್ಲಿ ಸಿನಿಮಾ ಬೋರ್ಡು ಬರೆಯುವ ಒಬ್ಬ ಚಿತ್ರಗಾರನಿಂದ ಬರೆಸಿದ್ದರಂತೆ. ಎದೆ ಮುಂದೆ ಮಾಡಿ, ಕತ್ತು ಓರೆ ಮಾಡಿ, ಈಗ ಕುಸ್ತಿಗೆ ಇಳಿಯುತ್ತೇನೆ ಎನ್ನುವಂತೆ ಒಂದು ಎತ್ತು ನಿಂತಿತ್ತು. ನಾಲ್ಕು ಕಾಲಿನ ಮೇಲೆ. ಖರ್ಚು ಉಳಿಸಲು ಚಿತ್ರದ ಅದೇ ಬ್ಲಾಕನ್ನು ಒಳಗಿನ ಪುಟಗಳಲ್ಲಿಯೂ ಅಲ್ಲಲ್ಲಿ ಒತ್ತಿದ್ದರು. 'ಕುಂಟುತ್ತ ಹೋಯಿತು' ಎಂದು ಅಚ್ಚಾದ ಸಾಲಿನ ಪಕ್ಕದಲ್ಲಿಯೇ ಆ ಪೈಲವಾನ ನಾಲ್ಕೂ ಕಾಲು ಊರಿ ನನ್ನನ್ನು ನೋಡುತ್ತಿದ್ದ.

ನಮ್ಮ ಅಲ್ಲಿಯ ಮನೆಯ ಯಜಮಾನರು ಬಸಲಿಂಗಪ್ಪ ಎಂಬ ಒಕ್ಕಲುತನದವರು. ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಖಿಲಾರಿ ಎತ್ತ ಇದು. ಅಸಲ ಖಿಲಾರಿ. ಇದನ್ನ ಕುಂಟ ಅಂತ ಯಾಂವ ಅಂದಾನು?"

"ನಾನ ಅಂದೇನ್ರಿ," ಎಂದೆ.

"ನಿಮಗ ಎತ್ತಿನ ಪರೀಕ್ಷಾ ಇಲ್ಲ ಬಿಡ್ರಿ," ಎಂದು ಅವರು ಪುಸ್ತಕ ಹಿಂತಿರುಗಿಸಿದರು.

ಪ್ರಕಾಶಕರಿಗೆ ಬರೆದೆ. ಬ್ಲಾಕು ಆಗಿಹೋಗಿದೆ, ಪ್ರತಿಗಳು ಶಾಲೆಗಳಿಗೂ ವಾಚನಾಲಯಗಳಿಗೂ ಹೊರಟುಹೋಗಿವೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಉತ್ತರ ಬಂತು. ಹಚ್ಚಿಕೊಳ್ಳದೆ ಇರುವುದು ಹೇಗೆ? ನನ್ನ ಮುಖ ಕಾಣದ ಮಗುವಿಗೆ ನನ್ನಿಂದ ಹೋಗುವುದು ಆ ಪುಸ್ತಕವೊಂದೇ. ಅದನ್ನು ತೆರೆದ ಮಗು, ಈಕೆಗೆ ಕುಂಟೆತ್ತು ಎಂದರೇನೆಂದೇ ಗೊತ್ತಿಲ್ಲ ಎಂದು ಮುಚ್ಚಿಬಿಡುತ್ತದೆ. ಮುದ್ದೇಬಿಹಾಳದ ಓಣಿಯ ಮಕ್ಕಳೇನೋ ಛಲೋ ಐತ್ರಿ, ಛಲೋ ಐತ್ರಿ ಎಂದರು. ಆದರೆ ಅವರ ಬಾಯಿ ತುಂಬ ನನ್ನ ಶೇಂಗಾ ಇತ್ತು.

ಭಾವನವರು ಬಂದಾಗ ನಾನೇ ಹೊಲಿಗೆ ಮಷಿನ್ನಿನ ಮಾತು ತೆಗೆದೆ. ಅವರಿಗೆ ಪರಮಾನಂದ. ನಮ್ಮವರು ಊಟ ಮಾಡುತ್ತಿದ್ದವರು ತಲೆ ಎತ್ತದೆ, "ಅಣ್ಣಾ, ಮಷಿನ್ ಈಗ ಬ್ಯಾಡ. ಇನ್ನೊಂದ ವರ್ಗಾ ಆಗಲಿ," ಎಂದರು. ನನಗೋಸ್ಕರ ಹೇಳಿದರೋ, ಲಾರಿ ಬಾಡಿಗೆಗೆ ಹೆದರಿ ಹೇಳಿದರೋ ಗೊತ್ತಿಲ್ಲ. ಈಗ ಕೇಳಿದರೆ, ನಿನಗೋಸ್ಕರ ಎನ್ನುತ್ತಾರೆ. ಯಾರು ಬೇಡ ಎಂದರು?

ವರ್ಗ ಆಯಿತು, ಬಸವನ ಬಾಗೇವಾಡಿಗೆ. ಸಾಮಾನು ಇನ್ನೂ ಗಂಟಿನಲ್ಲಿಯೇ ಇತ್ತು. ಪಾತ್ರೆ ಯಾವ ಗೋಣಿಯಲ್ಲಿ, ಸೌಟು ಯಾವ ಗೋಣಿಯಲ್ಲಿ ಎಂದು ಹುಡುಕಿ ಸೋತಿದ್ದೆವು. ಓಣಿಯ ಮಕ್ಕಳು ದೂರದಿಂದ ನಮ್ಮನ್ನು ನೋಡಿ ಹೋಗುತ್ತಿದ್ದರು, ಹೆಸರು ಕೂಡ ಯಾರಿಗೂ ಗೊತ್ತಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ದಿನ ಬೆಳಿಗ್ಗೆ, ದಿನಪತ್ರಿಕೆ ಓದಿ ಬರೋಣವೆಂದು ಸಮೀಪದ ವಾಚನಾಲಯಕ್ಕೆ ಹೋದೆ. ಹಿರಿಯರು ಬೆಂಚಿನ ಮೇಲೆ ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಕುಳಿತಿದ್ದರು. ಗೋಡೆಯ ಕೆಳಗೆ ನೆಲದ ಮೇಲೆ ಒಂದು ಹುಡುಗಿ ಕಾಲು ಚಾಚಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಬೆರಳು ಹಚ್ಚಿ ಓದುತ್ತಿದ್ದಳು. ಅವಳ ಪಕ್ಕದಲ್ಲಿ ಒಬ್ಬ ಹುಡುಗ, ಅವಳ ಬೆರಳನ್ನೇ ನೋಡುತ್ತ. ಪುಸ್ತಕಕ್ಕೆ ಹಳೆಯ ಪತ್ರಿಕೆಯ ಹೊದಿಕೆ ಹಾಕಿತ್ತು. ಆದರೆ ಅವಳು ಓದುತ್ತ ತುಟಿ ಅಲ್ಲಾಡಿಸುತ್ತಿದ್ದಳು, ಹಪ್ಪಳದ ಅಜ್ಜನ ಮಾತು ನನಗೆ ಕೇಳಿಸಿತು.

ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ.

"ಯಾವ ಪುಸ್ತಕವ್ವಾ?"

"ಕುಂಟೆತ್ತಿಂದು," ಎಂದಳು, ಕಣ್ಣು ಎತ್ತದೆ. ಪುಟ ತಿರುವಿದಳು. ಅಲ್ಲಿ ಆ ಪೈಲವಾನ ಎತ್ತು ನಿಂತಿತ್ತು, ಎದೆ ಮುಂದೆ ಮಾಡಿ, ಕತ್ತು ಓರೆ ಮಾಡಿ. ಮುಂಗಾಲು ಒಂದು ಇರಲಿಲ್ಲ. ಬ್ಲೇಡಿನಿಂದ ಹೆರೆದು, ಬೆರಳಿನಿಂದ ತಿಕ್ಕಿ ಅಳಿಸಿದ ಜಾಗದಲ್ಲಿ ಕಾಗದ ಬೆಳ್ಳಗೆ, ತೆಳ್ಳಗೆ ಆಗಿತ್ತು. ಗೊರಸಿನ ಚೂರು ಕೂಡ ಉಳಿದಿರಲಿಲ್ಲ.

"ಅಯ್ಯ, ಇದನ್ನ ಯಾರ ಹಿಂಗ ಮಾಡ್ಯಾರ?"

"ನಾನ್ರಿ. ಚಿತ್ರಾ ತಗದಾಂವಗ ತಿಳದಿಲ್ಲ, ನಾಕೂ ಕಾಲ ತಗದಾನ. ಎಲ್ಲಾ ಪುಟದಾಗೂ ಹಂಗ ತಗದಾನ." ಅವಳು ಹಿಂದಿನ ಪುಟ ತಿರುವಿ ತೋರಿಸಿದಳು, ಅದರ ಹಿಂದಿನದನ್ನೂ. ಎಲ್ಲಿಯೂ ಮೂರೇ ಕಾಲು.

"ವಾಚನಾಲಯದ ಪುಸ್ತಕ ಅಲ್ಲೇನು? ಹೊಲಸ ಮಾಡಬಾರದಲ್ಲ?"

ಈಗ ಅವಳು ತಲೆ ಎತ್ತಿದಳು. ಇಂಥ ದಡ್ಡ ಪ್ರಶ್ನೆಯನ್ನು ಇಷ್ಟು ದೊಡ್ಡವರು ಕೇಳಬಹುದೇ ಎಂಬ ಆಶ್ಚರ್ಯ ಅವಳ ಮುಖದಲ್ಲಿತ್ತು. "ಹೊಲಸ ಮಾಡಿಲ್ರಿ. ತಿದ್ದೇನಿ," ಎಂದಳು.

ಬರೆದವಳು ನಾನೇ ಎಂದು ಹೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ಪುಸ್ತಕ ಆ ಹೊತ್ತಿನಲ್ಲಿ ನನ್ನದಾಗಿ ಕಾಣಲಿಲ್ಲ. ಕೊನೆಗೆ, "ಒಂದೀಟ ಕೊಡ್ತೀ ಏನು? ನೋಡಿ ಕೊಡ್ತೇನಿ," ಎಂದೆ.

"ಆಗೂದಿಲ್ರಿ. ನಂದ ಇನ್ನಾ ಮುಗದಿಲ್ಲ."

"ಮೊದಲನೇ ಸಲ ಓದಾಕತ್ತೀಯೇನು?"

"ಎಲ್ಲೀದ್ರಿ, ಈಕಿ ದಿನಾ ಓದ್ತಾಳ, ಬಿಡೂದ ಇಲ್ಲ," ಎಂದು ಪಕ್ಕದ ಹುಡುಗ ಅಳುದನಿ ತೆಗೆದ.

"ನೀ ಸುಮ್ಕ ಕೂಡೋ," ಎಂದು ಹುಡುಗಿ ಅವನಿಗೆ ಮೊಣಕೈಯಿಂದ ತಿವಿದಳು. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಕನಿಕರಪಟ್ಟು, ಬೆರಳಿನಿಂದ ನೆಲ ತೋರಿಸಿದಳು. "ನಂದಾದ ಮ್ಯಾಲ ಇವಂದು ಪಾಳಿ. ನಿಮಗ ಓದೂದ ಇದ್ರ ಇವನ ಹಿಂದ ಕೂಡ್ರಿ."

ಬೆಂಚಿನ ಮೇಲೆ ಪತ್ರಿಕೆಯ ಒಂದು ಹಾಳೆ ಖಾಲಿ ಬಿದ್ದಿತ್ತು. ನಾನು ಅತ್ತ ಹೋಗಲಿಲ್ಲ. ಸೆರಗು ಎಳೆದುಕೊಂಡು, ಆ ಹುಡುಗನ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕುಳಿತೆ.